ಸಂಜೆ ಆರೂವರೆಗೆ ಎಲ್ಲಿಗೆ ಹೋಗೋದು?

ಕೋಲಾರದ ಟೊಮೆಟೊ ಮಂಡಿಯಲ್ಲಿ ಹಮಾಲಿ ಮಾಡುವ ಒಬ್ಬರು ನನ್ನ ಮುಂದೆ ಕೂತು ಹೇಳಿದ ಮಾತಿದು. "ಎಂಟು ದಿನ ಕುಡಿತ ಬಿಡಿಸೋ ಶಿಬಿರದಲ್ಲಿ ಒಂದು ತೊಟ್ಟೂ ಮುಟ್ಟಿಲ್ಲ ಸಾರ್. ಬಿಡೋಕೆ ಬರುತ್ತೆ ನನಗೆ. ಆದ್ರೆ ಸಂಜೆ ಆರೂವರೆಗೆ ಕೂಲಿ ಕೈಗೆ ಬಂತು ಅಂದ್ರೆ ಕಾಲು ತಾನಾಗೇ ವೈನ್ಸ್ ಕಡೆ ತಿರುಗುತ್ತೆ. ಅಷ್ಟೊತ್ತಲ್ಲಿ ನಾನು ಎಲ್ಲಿಗೆ ಹೋಗ್ಲಿ?"

ಆಪ್ತಸಮಾಲೋಚಕನಾಗಿ ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಇದಕ್ಕಿಂತ ಸರಿಯಾದ ಪ್ರಶ್ನೆ ಯಾರೂ ಕೇಳಿಲ್ಲ. ಕುಡಿತ ಬಿಟ್ಟವನಿಗೆ ಬುದ್ಧಿಮಾತು ಹೇಳೋರು ಊರ ತುಂಬ ಇದ್ದಾರೆ. ಆರೂವರೆಗೆ ಕೂರೋಕೆ ಒಂದು ಕುರ್ಚಿ ಕೊಡೋರು ಕಮ್ಮಿ. ಎಎ ಮೀಟಿಂಗ್ ಆ ಕುರ್ಚಿ.

ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಡಾಕ್ಟರು, ಸೇರಿ ಶುರು ಮಾಡಿದ್ದು. ಫೀಸು ಇಲ್ಲ. ಕುಡಿಯೋದು ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು.

ನಮ್ಮ ಕಡೆಯವರಿಗೆ ಮೊದಲು ಕಾಡುವ ಭಯ ಬೇರೆ: ಯಾರಾದ್ರೂ ನೋಡಿಬಿಟ್ಟರೆ? ಬೀದಿಯಲ್ಲಿ ಬಿದ್ದಿದ್ದಾಗ ಊರೆಲ್ಲ ನೋಡಿರುತ್ತದೆ, ಆ ಮಾತು ಬೇರೆ. ಆದರೂ ಭಯ ನಿಜ. ಹಾಗಿದ್ದರೆ ಪಕ್ಕದ ಊರಿನ ಮೀಟಿಂಗ್‌ಗೆ ಹೋಗಿ. ಕೆಜಿಎಫ್, ಬಂಗಾರಪೇಟೆಯಿಂದ ದಿನಾ ರೈಲಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋರು ಅಲ್ಲೇ ಸಂಜೆ ಮೀಟಿಂಗ್ ಮುಗಿಸಿಕೊಂಡು ಬರಬಹುದು. ಆನ್‌ಲೈನ್ ಮೀಟಿಂಗ್‌ಗಳೂ ಇವೆ.

ಹುಡುಕೋದು ಹೇಗೆ? ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿ ಸಹಾಯವಾಣಿ 14446. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ನಡೆದ ಕಡೆ ಅಲ್ಲಿ ಕುಡಿತ ಬಿಟ್ಟವರ ನವಜೀವನ ಸಮಿತಿ ಇರುತ್ತದೆ, ಅಲ್ಲೂ ವಿಚಾರಿಸಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಒಬ್ಬರಿಗೆ ಚೀಟಿಯಲ್ಲಿ ವಿಳಾಸ ಬರೆದು ಕಳಿಸಿದ್ದೆ. ಅವರು ಎರಡು ಬಸ್ಸು ಬದಲಾಯಿಸಿ ಹೋದರು. ಮೀಟಿಂಗ್ ಬೇರೆ ದಿನಕ್ಕೆ ಬದಲಾಗಿತ್ತು, ಬಾಗಿಲಿಗೆ ಬೀಗ. ಎದುರಿಗೇ ಬಾರು. ಚೀಟಿ ಅವರ ಜೇಬಲ್ಲೇ ಇತ್ತು, ಮಾರನೇ ದಿನ ಅವರ ಹೆಂಡತಿ ತಂದು ನನ್ನ ಟೇಬಲ್ ಮೇಲಿಟ್ಟರು. ಆಮೇಲೆ ನಾನು ಬರೀ ವಿಳಾಸ ಕೊಟ್ಟಿಲ್ಲ. ಮೊದಲು ನಾನೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತೇನೆ. ಹಳೇ ಸದಸ್ಯರೊಬ್ಬರು ಬಸ್ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗುವ ಹಾಗೆ ಮಾಡುತ್ತೇನೆ. ಕೇಳಿದರೆ ಅವರು ಇಲ್ಲ ಅನ್ನೋದು ಅಪರೂಪ. ಎಎ ದಾರಿಯಲ್ಲಿ ಹನ್ನೆರಡು ಮೆಟ್ಟಿಲು ಅಂತ ಇವೆ, ಹೊಸಬನಿಗೆ ಆಸರೆಯಾಗೋದು ಅದರಲ್ಲಿ ಹನ್ನೆರಡನೆಯದು.

ಒಳಗೆ ಏನಿರುತ್ತದೆ? ಪ್ಲಾಸ್ಟಿಕ್ ಕುರ್ಚಿ, ಟೀ. ಸ್ವಲ್ಪ ಹೊತ್ತು ಮೌನ, ಒಂದು ಪ್ರಾರ್ಥನೆ, ಪುಸ್ತಕದಿಂದ ಒಂದಿಷ್ಟು ಓದು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ, ಬರೀ ಹೆಸರು ಹೇಳಿಕೊಂಡು. ಕನ್ನಡದಲ್ಲಿ ಶುರು ಮಾಡಿದವರು ಅಳು ಬಂದಾಗ ತೆಲುಗಿಗೋ ತಮಿಳಿಗೋ ಜಾರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಯಾರೂ ತಲೆ ಎತ್ತಿ ನೋಡಲ್ಲ. ಮಧ್ಯೆ ಬಾಯಿ ಹಾಕಿ ಸಲಹೆ ಕೊಡೋ ಹಾಗಿಲ್ಲ. ನಿಮಗೆ ಮಾತಾಡೋಕೆ ಇಷ್ಟ ಇಲ್ಲವೇ, ಸುಮ್ನೆ ಕೂತಿರಿ. ಕೊನೆಗೆ ಒಂದು ಚೀಲ ಬರುತ್ತದೆ, ಹತ್ತು ರೂಪಾಯಿ ಹಾಕಿ, ಇಲ್ಲದಿದ್ದರೆ ಬಿಡಿ.

ಮೊದಲ ದಿನ ಬಹಳ ಜನ ಹೊರಗೆ ಬಂದು "ಇವರಷ್ಟು ನಾನು ಕುಡಿತಿರಲಿಲ್ಲ" ಅನ್ನುತ್ತಾರೆ. ಇರಲಿ. ಐದಾರು ಸಲ ಹೋಗಿ ನೋಡಿ, ಆ ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ದೇವರ ಮಾತು ಒಗ್ಗದವರೂ ಅಲ್ಲಿ ವರ್ಷಗಟ್ಟಲೆ ಉಳಿದಿದ್ದನ್ನು ಕಂಡಿದ್ದೇನೆ.

ಆದರೆ ಗುಂಪು ಆಸ್ಪತ್ರೆಯಲ್ಲ. ದಿನಾ ಬೆಳಿಗ್ಗೆಯಿಂದಲೇ ಕುಡಿಯುವವರು ದಿಢೀರ್ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಮೈ ನಡುಕ, ಇಲ್ಲದ್ದು ಕಾಣೋದು, ದಿಕ್ಕು ತಪ್ಪಿದ ಮಾತು ಶುರುವಾದರೆ ಜೀವಕ್ಕೇ ಅಪಾಯ. ಅದಕ್ಕೇ ಹೇಳೋದು, ಮೊದಲು ಡಾಕ್ಟರು, ಬಿ1 ವಿಟಮಿನ್ ಇಂಜೆಕ್ಷನ್, ಮಾತ್ರೆ. ಆಮೇಲೆ ಕುರ್ಚಿ.

ಹೆಂಡತಿಯರಿಗೆ ಒಂದು ಮಾತು. ಕುಡಿತ ಬಿಡಿಸೋಕೆ ಅಂತ ಗಂಡನಿಗೆ ಗೊತ್ತಾಗದ ಹಾಗೆ ಸಾರಲ್ಲಿ ಕಲಸಿ ಕೊಡೋ ಪುಡಿ, ಮಾತ್ರೆ ಬೇಡ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಗೊತ್ತಿಲ್ಲದೆ ಅವರು ಅದರ ಮೇಲೆ ಕುಡಿದರೆ ಬಿಪಿ ಬಿದ್ದು, ಎದೆ ಹೊಡೆದುಕೊಂಡು ಪ್ರಾಣಕ್ಕೇ ಬರಬಹುದು. ಡಾಕ್ಟರು ಹೇಳಿ, ಕುಡಿಯುವವರೇ ಒಪ್ಪಿ ತೆಗೆದುಕೊಳ್ಳಬೇಕಾದ ಔಷಧಿ ಅದು. ನಿಮಗೇ ಅಂತ ಅಲ್-ಅನಾನ್ ಅನ್ನೋ ಬೇರೆ ಗುಂಪಿದೆ. ಗಂಡ ಬಿಡಲಿ ಬಿಡದಿರಲಿ, ನೀವು ಹೋಗಬಹುದು.

ಆ ಹಮಾಲಿ ಮೊನ್ನೆ ಬಂದಿದ್ದರು. ನಡುವೆ ಎರಡು ಸಲ ಜಾರಿದ್ದಾರೆ, ಎರಡು ಸಲವೂ ವಾಪಸ್ ಹೋಗಿ ಅದೇ ಗುಂಪಲ್ಲಿ ಕೂತಿದ್ದಾರೆ. ಹೇಗಿದೆ ಮೀಟಿಂಗ್ ಅಂದೆ. "ಎಲ್ಲ ಸರಿ ಸಾರ್, ಟೀಗೆ ಮಾತ್ರ ಸಕ್ಕರೆ ಜಾಸ್ತಿ ಹಾಕ್ತಾರೆ. ಹೇಳಿದ್ದಕ್ಕೆ, ಮುಂದಿನ ವಾರದಿಂದ ನೀನೇ ಮಾಡು ಅಂದ್ಬಿಟ್ರು."