ನಾವು ಡಾಕ್ಟರಲ್ಲ, ಕಣ್ಣು ಉಳಿಸೋಕೆ ನಾವೇನು ಮಾಡಬಹುದು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರವಳು. ನಮ್ಮ ಮಹಿಳಾ ಸಂಘದಿಂದ ವರ್ಷಕ್ಕೊಮ್ಮೆ ಕಣ್ಣಿನ ಶಿಬಿರಕ್ಕೆ ಕೈಜೋಡಿಸುತ್ತೇವೆ. ಶಾಲೆ ಗುಡಿಸಿ, ಬೆಂಚು ಹಾಕಿ, ಬಂದವರಿಗೆ ಉಪ್ಪಿಟ್ಟು, ಕಾಫಿ ಕೊಡುತ್ತೇವೆ. ಸಂಜೆಗೆ ಎಲ್ಲ ಮುಗಿದುಹೋಗುತ್ತದೆ. ನಾವು ಡಾಕ್ಟರಲ್ಲ, ನರ್ಸಲ್ಲ, ಕೈಯಲ್ಲಿ ಹಣವೂ ಇಲ್ಲ. ಇದಕ್ಕಿಂತ ಹೆಚ್ಚು ಏನಾದರೂ ಮಾಡಲು ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಶಿಬಿರಕ್ಕೆ ಮೊದಲಿನ ಹದಿನೈದು ದಿನ ಮತ್ತು ಆಪರೇಷನ್ ಆದ ಮೇಲಿನ ಆರು ವಾರ, ನಿಮ್ಮ ಕೆಲಸ ಇರುವುದು ಅಲ್ಲಿ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಕಣ್ಣಿನ ಡಾಕ್ಟರು ಇದ್ದಾರೆ. ಮೆಗ್ಗಾನ್ ಸರ್ಕಾರಿ ಆಸ್ಪತ್ರೆ ಇದೆ, ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆ ಇದೆ, ಬಡವರಿಗೆ ಉಚಿತವಾಗಿ ಪೊರೆಯ ಆಪರೇಷನ್ ಮಾಡುತ್ತಾರೆ. ಗುಡ್ಡದ ಮೇಲಿನ ಒಂಟಿ ಮನೆಯ ಅಜ್ಜಿಗೆ ಇಲ್ಲದಿರುವುದು ಜೊತೆಗೆ ಹೋಗಿಬರುವ ಒಂದು ಜನ.

ದೇಶದಲ್ಲಿ 2015ರಿಂದ 2019ರವರೆಗೆ ನಡೆದ ಸಮೀಕ್ಷೆಯ ಪ್ರಕಾರ, 50 ದಾಟಿದವರಲ್ಲಿನ ಕುರುಡಿಗೆ ಶೇ 66.2ರಷ್ಟು ಪೊರೆಯೇ ಕಾರಣ. ಅಂದರೆ ಮೂವರಲ್ಲಿ ಇಬ್ಬರ ದೃಷ್ಟಿ ಹೋಗಿರುವುದು ತೆಗೆಯಲು ಬರುವ ಕಾಯಿಲೆಯಿಂದ. ಹಾಗಿದ್ದೂ ಜನ ಕತ್ತಲೆಯಲ್ಲೇ ಕೂತಿರುತ್ತಾರೆ. ಏಕೆಂದು ಕೇಳಲು ನೀವು ಮನೆಮನೆಗೆ ಹೋಗಬೇಕು. ನಾನು ಹೋದಲ್ಲೆಲ್ಲ ಮೊದಲು ಕೇಳಿದ ಮಾತು ಒಂದೇ: "ಇನ್ನೂ ಬಲ್ತಿಲ್ಲ ಮಾರಾಯ್ತಿ, ಬಲೀಲಿ."

ಈ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ, ಒಂದು ಕಾಲಕ್ಕೆ ಅದು ಸರಿಯಾದ ಮಾತೇ ಆಗಿತ್ತು. ಬೀಳಗಿಯ ಡಾ. ಎಂ.ಸಿ. ಮೋದಿ ಅವರು ಊರೂರು ತಿರುಗಿ ಶಿಬಿರ ಹಾಕುತ್ತಿದ್ದ ದಿನಗಳನ್ನು ನೆನಪಿಡುವ ಹಿರಿಯರು ನಿಮ್ಮಲ್ಲೂ ಇರಬಹುದು. ಸಾವಿರಾರು ಜನರಿಗೆ ಕಣ್ಣು ಕೊಟ್ಟ ಆ ಪುಣ್ಯಾತ್ಮರಿಗೆ 1968ರಲ್ಲಿ ಪದ್ಮಭೂಷಣ ಬಂತು. ಆಗಿನ ಪದ್ಧತಿಯಲ್ಲಿ ಕಣ್ಣಿನ ಮಸೂರವನ್ನು ತೆಗೆದುಬಿಡುತ್ತಿದ್ದರು, ಆ ಜಾಗಕ್ಕೆ ಬೇರೆ ಹಾಕುತ್ತಿರಲಿಲ್ಲ. ಆಮೇಲೆ ಬದುಕಿರುವಷ್ಟು ದಿನ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕವೇ ಗತಿ. ಅದಕ್ಕಾಗಿ ಪೂರ್ತಿ ಕಾಣದಾಗುವವರೆಗೂ ಕಾಯಿಸುತ್ತಿದ್ದರು, ಬಲಿತ ಪೊರೆ ತೆಗೆಯುವುದೂ ಸುಲಭವಿತ್ತು. ಈಗ ತೆಗೆದ ಜಾಗದಲ್ಲಿ ಅಲ್ಲೇ ಕೃತಕ ಮಸೂರ ಕೂರಿಸುತ್ತಾರೆ. ದಿನದ ಕೆಲಸಕ್ಕೆ ತೊಡಕಾಯಿತೆಂದರೆ ಆಪರೇಷನ್ ಮಾಡಿಸಬಹುದು. ಅತಿಯಾಗಿ ಬಲಿಯಲು ಬಿಟ್ಟರೆ ಪೊರೆಯೇ ಒಳಗೆ ಸೋರಿ, ಕಣ್ಣಿನ ಒತ್ತಡ ಏರಿ, ಕೆಂಪಾಗಿ ತಡೆಯಲಾರದ ನೋವು ಬರುತ್ತದೆ. ಆಗ ಮರಳಿ ಬರಬೇಕಾದ ದೃಷ್ಟಿ ಶಾಶ್ವತವಾಗಿ ಹೋಗುವುದುಂಟು. ಇದನ್ನು ಅಜ್ಜಿಗೆ ನಾನು ನೀವು ಹೇಳುವುದಕ್ಕಿಂತ, ಹೋದ ವರ್ಷ ಮಾಡಿಸಿಕೊಂಡು ಬಂದ ಪಕ್ಕದ ಮನೆಯ ಅಜ್ಜನನ್ನು ಕರೆದೊಯ್ದು ಹೇಳಿಸಿ.

ಎರಡನೆಯ ಮಾತು ಕೇಳಿದಾಗ ಮಾತ್ರ ನನಗೆ ಹೊಟ್ಟೆ ಚುರುಕ್ಕೆನ್ನುತ್ತದೆ. "ನಂಗಿನ್ನೆಂತಕ್ಕೆ ಕಣ್ಣು? ಕೊಟ್ಟಿಗೆ ದಾರಿ ಗೊತ್ತಿದ್ಯಲ." ಇದರ ಹಿಂದೆ ಮಗನಿಗೆ ಹೊರೆಯಾಗಬಾರದೆಂಬ ಸಂಕೋಚವಿರುತ್ತದೆ. ಅಡಿಕೆ ಕೊಯ್ಲಿನಲ್ಲಿ ಮನೆಮಂದಿಗೆ ಪುರಸೊತ್ತಿಲ್ಲ, ಮಳೆಗಾಲದಲ್ಲಿ ಹಳ್ಳ ದಾಟುವ ಹಾಗಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ನಿಜ, ಆದರೆ ನಮ್ಮ ಎಷ್ಟೋ ಊರಿಗೆ ಬರುವುದು ಖಾಸಗಿ ಬಸ್ಸೊಂದೇ. ಉಚಿತ ಆಪರೇಷನ್ನಿಗೂ ಜೊತೆಯವರ ಎರಡು ದಿನದ ಕೂಲಿ ಕಳೆಯಬೇಕು. ಆ ಎರಡು ದಿನವನ್ನು ನಿಮ್ಮ ಸಂಘ ಕೊಡಬಹುದು. ಇಬ್ಬರು ಹೋಗಿ ಆರು ಜನರನ್ನು ನೋಡಿಕೊಂಡು ಬನ್ನಿ.

ಶಿಬಿರಕ್ಕೆ ಮೊದಲು ಇನ್ನೊಂದು ಕೆಲಸ. ಬಿ.ಪಿ., ಶುಗರ್ ಹೆಚ್ಚಿದ್ದರೆ ಆಪರೇಷನ್ ಮುಂದಕ್ಕೆ ಹಾಕುತ್ತಾರೆ. ಶಿವಮೊಗ್ಗದವರೆಗೆ ಹೋಗಿ ಹಾಗೇ ವಾಪಸ್ ಬಂದವರು ಎರಡನೇ ಸಲ ಹೊರಡುವುದು ಬಹಳ ಕಷ್ಟ. ಹದಿನೈದು ದಿನ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಮಾತ್ರೆ ತಪ್ಪದಂತೆ ನೋಡಿಕೊಳ್ಳಿ. ಹೊರಡುವಾಗ ಚೀಲದಲ್ಲಿ ಆಧಾರ್ ಕಾರ್ಡು, ರೇಷನ್ ಕಾರ್ಡು, ಈಗ ತಿನ್ನುತ್ತಿರುವ ಮಾತ್ರೆ ಇರಲಿ.

ವಾಪಸ್ ಬಂದ ಮೇಲೆ ಡ್ರಾಪ್ಸ್ ಹಾಕುವವರು ಯಾರು? ನಾಲ್ಕರಿಂದ ಆರು ವಾರ, ಮೊದಲು ದಿನಕ್ಕೆ ಹಲವು ಸಲ, ಆಮೇಲೆ ಕಡಿಮೆ ಮಾಡುತ್ತ ಹೋಗಬೇಕು. ಒಂಟಿಯಾಗಿರುವ ಮುದುಕರಿಗೆ ಸ್ವಂತ ಕಣ್ಣಿಗೆ ತಾವೇ ಹನಿ ಹಾಕಿಕೊಳ್ಳುವುದು ಆಗದ ಮಾತು, ಹನಿ ಕೆನ್ನೆ ಮೇಲೆ ಹೋಗುತ್ತದೆ. ಬಚ್ಚಲೊಲೆಯ ಹೊಗೆ, ತಲೆಗೆ ಎರೆದುಕೊಳ್ಳುವುದು, ಹುಲ್ಲಿನ ಹೊರೆ, ಇವೆಲ್ಲ ಕೆಲವು ವಾರ ಬೇಡ. ದೂರದ ಮನೆಯಾದರೆ ಹತ್ತಿರದ ಶಾಲೆ ಹುಡುಗಿಯೊಬ್ಬಳಿಗೆ ಕೈ ತೊಳೆದು ಹನಿ ಹಾಕುವುದು ಕಲಿಸಿ. ಮಕ್ಕಳು ಇದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ. ಚಿಕಿತ್ಸೆ ಮುಗಿದ ಮೇಲೆ ಉಳಿದ ಬಾಟಲಿಯನ್ನು ಎಸೆಯಿಸಿ. ಏಕೆಂದು ಮುಂದೆ ಹೇಳುತ್ತೇನೆ.

ಪೊರೆಗಾದರೆ ವಾರ, ತಿಂಗಳು ಸಮಯವಿರುತ್ತದೆ. ಗಂಟೆಗಳ ಲೆಕ್ಕದಲ್ಲಿ ಕಣ್ಣು ಹೋಗುವುದು ಹೊಲದಲ್ಲಿ, ತೋಟದಲ್ಲಿ. ಒಕ್ಕಲಿನ ಹೊತ್ತಿಗೆ ಭತ್ತದ ಸುಂಕು ಬಡಿಯುತ್ತದೆ, ಕಳೆ ಕೀಳುವಾಗ ಹುಲ್ಲಿನ ಗರಿ ಗೀಚುತ್ತದೆ. ಗೀರು ಕೂದಲೆಳೆಯಷ್ಟೇ ಇದ್ದರೂ ಕಪ್ಪು ಗುಡ್ಡೆಯ ಮೇಲೆ ಶಿಲೀಂಧ್ರ ಬೇರೂರಿ ಹುಣ್ಣಾಗುತ್ತದೆ, ವಾಸಿಯಾದರೂ ಬಿಳಿ ಕಲೆ ಉಳಿಯುತ್ತದೆ. ಮನೆಗಳಲ್ಲಿ ಹಾಕುವುದೇನು? ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ. ಅದಾಗದಿದ್ದರೆ ಕಪಾಟಿನಲ್ಲಿರುವ ಅಜ್ಜಿಯ ಆಪರೇಷನ್ ಡ್ರಾಪ್ಸ್. ಆ ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಅಜ್ಜಿಯ ಕಣ್ಣನ್ನು ಕಾಪಾಡಿದ ಔಷಧಿ ಮೊಮ್ಮಗನ ಕಣ್ಣಿನ ಶಿಲೀಂಧ್ರವನ್ನು ಇನ್ನಷ್ಟು ಬೆಳೆಸುತ್ತದೆ. ಬಾಟಲಿ ಎಸೆಯಿಸಿ ಎಂದಿದ್ದು ಇದಕ್ಕೇ.

ನೇಪಾಳದ ಭಕ್ತಪುರದಲ್ಲಿ ನಡೆದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ. ಅಲ್ಲಿ ನಿಮ್ಮಂಥದೇ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ಗೀರು ಗುರುತಿಸುವುದನ್ನು ಕಲಿಸಿ, ಆ್ಯಂಟಿಬಯೋಟಿಕ್ ಮುಲಾಮು ಕೊಟ್ಟಿದ್ದರು. ಗೀರು ಬಿದ್ದು 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತರಬೇತಿ ಇಲ್ಲದೆ ನಾವು ಔಷಧಿ ಹಾಕುವುದು ಬೇಡ, ಆದರೆ ಆ 18 ಗಂಟೆ ನಮ್ಮ ಕೈಯಲ್ಲಿದೆ. "ನಾಳೆ ನೋಡನ" ಎನ್ನುವವರನ್ನು ಇವತ್ತೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ.

ಅಡಿಕೆ ತೋಟದವರಿಗೆ ಇನ್ನೊಂದು ಎಚ್ಚರ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಇರುತ್ತದೆ. ಮರದ ಮೇಲಿನ ಅಡಿಕೆ ಗೊನೆಯತ್ತ ಮುಖ ಎತ್ತಿಯೇ ಹೊಡೆಯಬೇಕು. ಸುಣ್ಣ ಆಮ್ಲಕ್ಕಿಂತಲೂ ಆಳಕ್ಕೆ ಇಳಿದು ಕಣ್ಣನ್ನು ಸುಡುತ್ತದೆ. ಬಿದ್ದ ಕೂಡಲೇ, ಆಸ್ಪತ್ರೆಗೆ ಹೊರಡುವುದಕ್ಕೂ ಮೊದಲು, ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ ಅರ್ಧ ಗಂಟೆ ಶುದ್ಧ ನೀರು ಹರಿಸಿ. ಔಷಧಿ ಹೊಡೆಯುವವರಿಗೆ ಕೂಲಿಯ ಜೊತೆ ಒಂದು ರಕ್ಷಣಾ ಕನ್ನಡಕ ಕೊಡುವ ಪದ್ಧತಿಯನ್ನು ನಿಮ್ಮ ಊರಿನ ತೋಟದವರಲ್ಲಿ ಶುರು ಮಾಡಿಸಿದರೆ, ಅದು ಹತ್ತು ಶಿಬಿರಕ್ಕೆ ಸಮ.

ಚಾಳೀಸಿನ ವಿಷಯ ಚಿಕ್ಕದು. 40 ದಾಟಿದ ಹೆಂಗಸರು ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಕೈ ಕೊಯ್ದುಕೊಳ್ಳತೊಡಗಿದರೆ, ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕರೆದರೆ, ಹತ್ತಿರದ ಕನ್ನಡಕ ಬೇಕಾಗಿದೆ ಎಂದರ್ಥ. ಅಸ್ಸಾಮಿನ ಚಹಾ ತೋಟದ ಕೆಲಸಗಾರರಿಗೆ ಇಂಥ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಬಂತು. ಅವರು ಕೀಳುವ ಸೊಪ್ಪು ಶೇ 20ಕ್ಕೂ ಹೆಚ್ಚಾಗಿತ್ತು.

ಇನ್ನು, ದೃಷ್ಟಿ ಮರಳಿ ಬಾರದವರು. ಶಿಬಿರದಲ್ಲಿ "ಇವರಿಗೆ ಏನೂ ಮಾಡೋಕಾಗಲ್ಲ" ಎಂದು ಚೀಟಿ ಬರೆದು ಪಕ್ಕಕ್ಕೆ ಕೂರಿಸಿದವರನ್ನು ನಾನು ಎಷ್ಟೋ ವರ್ಷ ಉಪ್ಪಿಟ್ಟು ಕೊಟ್ಟು ಕಳಿಸಿದ್ದೇನೆ. ಅವರ ಹೆಸರು, ಮನೆ ಬರೆದುಕೊಳ್ಳಬೇಕೆಂದು ಹೊಳೆಯಲೇ ಇಲ್ಲ ಎಂಬುದು ಈಗಲೂ ಕಾಡುತ್ತದೆ. ನೀವು ಬರೆದುಕೊಳ್ಳಿ. ಅಂಗವಿಕಲರ ಗುರುತಿನ ಚೀಟಿ ಮಾಡಿಸಲು ಜೊತೆಗೆ ಹೋಗಿ, ಪಿಂಚಣಿಗೂ ಬಸ್ ಪಾಸಿಗೂ ಕೇಳುವುದು ಅದನ್ನೇ. ಮಕ್ಕಳಾದರೆ ಶಿವಮೊಗ್ಗದ ಶಾರದಾದೇವಿ ಅಂಧರ ವಿಕಾಸ ಕೇಂದ್ರದಂಥ ಶಾಲೆಗಳ ವಿಷಯ ತಂದೆತಾಯಿಗೆ ತಿಳಿಸಿ. ಪರೀಕ್ಷೆ ಬರೆಯುವವರಿದ್ದರೆ ಉತ್ತರ ಬರೆದುಕೊಡುವವರು ಬೇಕು. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಪರೀಕ್ಷೆ ಬರೆಯುವ ಅಂಧರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯವೂ ಸಿಗಬೇಕು.

ನಡೆಸಿಕೊಂಡು ಹೋಗುವಾಗ ರಟ್ಟೆ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಅವರಿಗೆ ಕೊಡಿ, ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಕಾಲುಸಂಕ ದಾಟುವಾಗ ನೀವು ಮುಂದೆ, ಅವರ ಕೈ ನಿಮ್ಮ ಹೆಗಲ ಮೇಲೆ. ಮನೆಯಿಂದ ಬಚ್ಚಲಿಗೆ, ಕೊಟ್ಟಿಗೆಗೆ ಸೊಂಟದೆತ್ತರಕ್ಕೆ ಒಂದು ಹಗ್ಗ ಕಟ್ಟಿಕೊಡಿ.

ಮಳೆಗಾಲದಲ್ಲಿ ಇನ್ನೊಂದು ಇದೆ. ಕಣ್ಣು ಕಾಣದವರು ಓಡಾಡುವುದು ಕಿವಿಯ ಮೇಲೆ. ಹಳ್ಳ ಎಲ್ಲಿ, ರಸ್ತೆ ಎಲ್ಲಿ, ಬಾಗಿಲಲ್ಲಿ ಬಂದವರು ಯಾರು, ಎಲ್ಲ ಸದ್ದಿನಿಂದ ಗೊತ್ತಾಗುತ್ತದೆ. ಆಷಾಢದ ಮಳೆ ತಗಡಿನ ಮೇಲೆ ಹಗಲು ರಾತ್ರಿ ಸುರಿಯತೊಡಗಿದರೆ ಆ ಕಿವಿಯೂ ಮುಚ್ಚಿಹೋಗುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಮನೆಗಳಿಗೆ ಆಗ ಹೋಗಿ. ಬಾಗಿಲಲ್ಲೇ ನಿಮ್ಮ ಹೆಸರು ಜೋರಾಗಿ ಹೇಳಿ, ಹತ್ತಿರ ಕೂತು ಮಾತಾಡಿ, ಹೊರಡುವಾಗ "ಹೊರಟೆ" ಎಂದು ಹೇಳಿ ಬನ್ನಿ.