ಮೈಸೂರಿನಿಂದ ಕಲಬುರಗಿಗೆ, ತುಮಕೂರಿನ ಆಕಾಶದ ಮೇಲೆ

ಕರ್ನಾಟಕದ ನಕ್ಷೆಯಲ್ಲಿ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಆ ಗೆರೆ ನಮ್ಮ ತುಮಕೂರು ಜಿಲ್ಲೆಯನ್ನು ಹಾದೇ ಹೋಗುತ್ತದೆ. ತುರುವೇಕೆರೆಯ ಪಕ್ಕದಿಂದ ಬಂದು, ಚಿಕ್ಕನಾಯಕನಹಳ್ಳಿಯನ್ನು ಎಡಕ್ಕೂ ಗುಬ್ಬಿಯನ್ನು ಬಲಕ್ಕೂ ಬಿಟ್ಟು, ಶಿರಾದ ಪಶ್ಚಿಮದಲ್ಲಿ ಉತ್ತರಕ್ಕೆ ಸಾಗುತ್ತದೆ. ಇದರ ಉದ್ದ ಎಷ್ಟು? ಹೈಸ್ಕೂಲ್ ಮಕ್ಕಳೇ ಇದನ್ನು ಲೆಕ್ಕ ಹಾಕಬಹುದು.

ಮೈಸೂರು ನಿಲ್ದಾಣ 12.23 ಡಿಗ್ರಿ ಅಕ್ಷಾಂಶದಲ್ಲಿದೆ, ಕಲಬುರಗಿಯದು 17.31ರಲ್ಲಿ. ವ್ಯತ್ಯಾಸ 5.08 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ಗುಣಿಸಿದರೆ 564 ಕಿ.ಮೀ. ಆಯಿತು. ಕಲಬುರಗಿ ಸ್ವಲ್ಪ ಪೂರ್ವಕ್ಕೂ ಇದೆ, ಸುಮಾರು 32 ಕಿ.ಮೀ.ನಷ್ಟು. ಅದನ್ನೂ ಕೂಡಿಸಬೇಕು ಅಲ್ವಾ? ಕೂಡಿಸಬೇಕು, ಆದರೆ ಪೈಥಾಗೊರಸ್ ಪ್ರಮೇಯದ ಪ್ರಕಾರ. ಉತ್ತರ ಬರುವುದು 565! ಪಕ್ಕಕ್ಕೆ 32 ಕಿ.ಮೀ. ಸರಿದರೂ ದೂರ ಹೆಚ್ಚಿದ್ದು ಒಂದೇ ಕಿಲೋಮೀಟರ್. ನನಗೆ ಈ ಲೆಕ್ಕ ಬಹಳ ಇಷ್ಟ.

ಇನ್ನು ಸಮಯ. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಉದ್ದ. ದೊಡ್ಡ ಜೆಟ್‌ಗಳಿಗೆ ಅದು ಸಾಲದು, ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನಕ್ಕೆ ಸಾಕು. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ 68 ನಿಮಿಷ. ಆದರೆ ಟಿಕೆಟ್ ಮೇಲೆ ಬರೆಯುವ ಸಮಯ ಇದಕ್ಕಿಂತ ಜಾಸ್ತಿಯೇ ಇರಬೇಕಾಗುತ್ತದೆ. ವೇಳಾಪಟ್ಟಿ ಲೆಕ್ಕ ಹಿಡಿಯುವುದು ವಿಮಾನ ನಿಂತ ಜಾಗದಿಂದ ಕದಲಿದ ಹೊತ್ತಿನಿಂದ, ಆ ಕಡೆ ಹೋಗಿ ನಿಲ್ಲುವವರೆಗೆ. ರನ್‌ವೇವರೆಗಿನ ನಿಧಾನದ ಓಟ, ಸರದಿಗೆ ಕಾಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಮೇಲೇರುವಾಗ ಪೂರ್ತಿ ವೇಗ ಸಿಗುವುದಿಲ್ಲ. 20,000 ಅಡಿಯಿಂದ ಇಳಿಯಲು ಸುಮಾರು 100 ಕಿ.ಮೀ. ಮೊದಲೇ, ಅಂದರೆ ಕೃಷ್ಣಾ ನದಿಯ ಹತ್ತಿರವೇ, ಇಳಿತ ಶುರುವಾಗಬೇಕು. ಇನ್ನೊಂದು ಸಂಗತಿಯನ್ನು ನಾವು ಮರೆತೇಬಿಡುತ್ತೇವೆ. ನಮ್ಮ ದಾರಿ ದಕ್ಷಿಣೋತ್ತರ, ಎರಡೂ ಕಡೆಯ ರನ್‌ವೇ ಮಾತ್ರ ಪೂರ್ವ ಪಶ್ಚಿಮ. ಹೊರಡುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತಿರುಗಲೇಬೇಕು. ಇದೆಲ್ಲ ಸೇರಿದರೆ ಸುಮಾರು ಒಂದೂವರೆ ಗಂಟೆ ಅಂದುಕೊಳ್ಳಬಹುದು.

ಗಾಳಿಯ ವಿಷಯ ಇನ್ನೂ ಸೊಗಸು. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬೀಸುತ್ತಿದೆ ಎನ್ನೋಣ. ತುಂಬಿದ ಹೊಳೆಯಲ್ಲಿ ಹರಿಗೋಲನ್ನು ಸ್ವಲ್ಪ ಪ್ರವಾಹದ ಎದುರಿಗೆ ತಿರುಗಿಸಿ ಹುಟ್ಟು ಹಾಕುವಂತೆ, ಪೈಲಟ್ ವಿಮಾನದ ಮೂತಿಯನ್ನು 6 ಡಿಗ್ರಿಯಷ್ಟು ಪಶ್ಚಿಮಕ್ಕೆ ತಿರುಗಿಸುತ್ತಾರೆ. ವಿಮಾನ ನೇರ ಉತ್ತರಕ್ಕೇ ಹೋಗುತ್ತದೆ. ಸಮಯ ಅರ್ಧ ನಿಮಿಷವೂ ಹೆಚ್ಚುವುದಿಲ್ಲ.

ಅದೇ ಗಾಳಿ ಪೂರ್ವ ಪಶ್ಚಿಮ ದಾರಿಯಲ್ಲಿ ಸಿಕ್ಕರೆ ಕಥೆ ಬೇರೆ. 500 ಕಿ.ಮೀ. ದೂರ ಎಂದಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ಹೋಗಿಬರಲು 120 ನಿಮಿಷ. ಗಾಳಿ ಹಿಂದಿನಿಂದ ಬಂದರೆ ಹೋಗಲು 54.5 ನಿಮಿಷ, ಬರುವಾಗ ಎದುರು ಸಿಕ್ಕರೆ 66.7 ನಿಮಿಷ. ಕೂಡಿ ನೋಡಿ, 121 ದಾಟುತ್ತದೆ! ಎದುರು ಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ, ಹಿಂದಿನ ಗಾಳಿಯ ನೆರವು ಕಡಿಮೆ ಹೊತ್ತು. ಹಾಗಾಗಿ ಒಂದೇ ಸಮ ಬೀಸುವ ಗಾಳಿಯಲ್ಲಿ ಹೋಗಿಬರುವ ಪಯಣಕ್ಕೆ ಯಾವಾಗಲೂ ನಷ್ಟವೇ.