ಎರಡು ಮಹಾಯುದ್ಧಗಳ ನಡುವಿನ ಕೋಟು: ವಯಸ್ಸು ಗೊತ್ತಾಗುವುದು ಒಳಗಿನಿಂದ

ಹಳೆಯ ಉಡುಪು ಮಾರುವವರಿಗೆ ‘1930ರ ದಶಕದ ಸೂಟು’ ಎಂಬ ಮಾತು ಬಲು ಪ್ರಿಯ. ಅಗಲ ಭುಜ, ಎರಡು ಸಾಲು ಗುಂಡಿ ಕಂಡರೆ ಸಾಕು, ಆ ಹೆಸರು ಅಂಟಿಬಿಡುತ್ತದೆ. ಆದರೆ ಎರಡನೇ ಮಹಾಯುದ್ಧ ಮುಗಿದು ಊರಿಗೆ ಮರಳಿದ ಬ್ರಿಟಿಷ್ ಸೈನಿಕರಿಗೆ ಸರ್ಕಾರ ಹಂಚಿದ ಸೂಟುಗಳಲ್ಲೂ ಅದೇ ಬಗೆಯವು ಬೇಕಾದಷ್ಟಿದ್ದವು. ಆಕಾರವನ್ನಷ್ಟೇ ನಂಬಿದರೆ ಹತ್ತು ವರ್ಷ ಆಚೀಚೆ ಆಗಿಬಿಡುತ್ತದೆ.

ಹಾಗೆಂದು ಆಕಾರವನ್ನು ಕಡೆಗಣಿಸುವಂತಿಲ್ಲ. 1920ರ ಹೊತ್ತಿನ ಕೋಟು ಮೈಗೆ ಬಿಗಿ, ಅದರ ಸೊಂಟದ ಗೆರೆ ಮೇಲೆ. 1925ರ ಸುಮಾರಿಗೆ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ಲಂಗದಂತೆ ಅಗಲವಾದ ಪ್ಯಾಂಟು ತೊಟ್ಟರು. ಕೋಟಿನ ನಿಜವಾದ ಬದಲಾವಣೆ ಬಂದದ್ದು ಲಂಡನ್ನಿನಲ್ಲಿ ನೆಲೆಸಿದ್ದ ಡಚ್ ಮೂಲದ ದರ್ಜಿ ಫ್ರೆಡರಿಕ್ ಶೋಲ್ಟೆ ಅವರಿಂದ. ಬ್ರಿಟಿಷ್ ಸೇನೆಯ ಗಾರ್ಡ್ಸ್ ಪಡೆಯ ಅಧಿಕಾರಿಗಳ ಗ್ರೇಟ್‌ಕೋಟನ್ನು (ಉದ್ದನೆಯ ದಪ್ಪ ಮೇಲುಕೋಟು) ಸೊಂಟದಲ್ಲಿ ಬಿಗಿದಾಗ ಎದೆಯ ಬಟ್ಟೆ ಸಡಿಲವಾಗಿ ಮಡಿಕೆ ಬೀಳುವುದನ್ನು ಅವರು ಗಮನಿಸಿದರು. ಅದನ್ನೇ ಸಾಮಾನ್ಯ ಕೋಟಿಗೂ ತಂದರು: ಎದೆಗೆ, ಬೆನ್ನಿಗೆ ತುಸು ಹೆಚ್ಚು ಬಟ್ಟೆ, ಮೆತ್ತನೆಯ ಭುಜ, ಕಂಕುಳಿಗೆ ತೀರ ಹತ್ತಿರದಲ್ಲೇ ಕೂಡುವ ತೋಳು. ಕೈ ಎತ್ತಿದರೂ ಕೋಟು ಮೇಲೇಳದು. ಪ್ರಿನ್ಸ್ ಆಫ್ ವೇಲ್ಸ್, ಅಂದರೆ ಮುಂದೆ ಎಂಟನೇ ಎಡ್ವರ್ಡ್ ಆದವರು, ಶೋಲ್ಟೆ ಅವರ ಗಿರಾಕಿ. 1930ರ ದಶಕದಲ್ಲಿ ಈ ಕಟಿಂಗ್ ಅಮೆರಿಕಕ್ಕೂ ಹಬ್ಬಿತು. ತೊಡಕಿರುವುದೂ ಇಲ್ಲೇ: ಲಂಡನ್ನಿನ ದರ್ಜಿ ಅಂಗಡಿ ಆಂಡರ್ಸನ್ ಅಂಡ್ ಶೆಪರ್ಡ್ ಇಂದಿಗೂ ಹೀಗೇ ಕತ್ತರಿಸುತ್ತದೆ.

ಆದ್ದರಿಂದ ಕೋಟಿನ ಒಳಜೇಬನ್ನು ತೆರೆದು ನೋಡಬೇಕು. ಅಳತೆ ಕೊಟ್ಟು ಹೊಲಿಸಿದ ಬ್ರಿಟಿಷ್ ಕೋಟಾದರೆ, ಗಿರಾಕಿಯ ಹೆಸರು, ತಾರೀಕು ಶಾಯಿಯಲ್ಲಿ ಬರೆದ ಚೀಟಿ ಅಲ್ಲಿರಬಹುದು. ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ. ಅಮೆರಿಕದ ಸಿದ್ಧ ಉಡುಪಿನಲ್ಲಿ ನೀಲಿ ಹದ್ದಿನ ಚಿತ್ರವಿರುವ ಎನ್‌ಆರ್‌ಎ (ನ್ಯಾಷನಲ್ ರಿಕವರಿ ಅಡ್ಮಿನಿಸ್ಟ್ರೇಷನ್) ಚೀಟಿ ಹುಡುಕಿ. ರೂಸ್‌ವೆಲ್ಟ್ ಸರ್ಕಾರದ ಆ ಆರ್ಥಿಕ ಚೇತರಿಕೆ ಯೋಜನೆ ಶುರುವಾದದ್ದು 1933ರಲ್ಲಿ. 1935ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತು. ಇಷ್ಟು ಚಿಕ್ಕ ಅವಧಿಯನ್ನು ತೋರಿಸುವ ಗುರುತು ಇನ್ನೊಂದು ಸಿಗುವುದು ಕಷ್ಟ.

ಪ್ಯಾಂಟಿನ ಜಿಪ್ಪನ್ನು ಮಾತ್ರ ಸುಮ್ಮನೆ ನಂಬಬೇಡಿ. ಪ್ಯಾಂಟಿಗೆ ಜಿಪ್ ರೂಢಿಗೆ ಬರತೊಡಗಿದ್ದು 1930ರ ದಶಕದ ನಡುವಿನಲ್ಲಿ, ಗುಂಡಿ ಆಮೇಲೂ ಬಹುಕಾಲ ಉಳಿಯಿತು. ಗುಂಡಿ ತೆಗೆದು ಜಿಪ್ ಹಾಕಿಸಿಕೊಂಡವರೂ ಇದ್ದಾರೆ. ಮುಚ್ಚಿದ ಕಾಜಾದ ಗುರುತು ಉಳಿದಿದೆಯೇ ನೋಡಿ. ಕೋಟಿನೊಳಗೆ ಸಿಸಿ41 ಎಂಬ ಮುದ್ರೆಯಿದ್ದರಂತೂ ಚರ್ಚೆಯೇ ಬೇಡ, ಅದು 1930ರ ದಶಕದ್ದಲ್ಲ. ಸರ್ಕಾರದ ನಿಯಮದಂತೆ ತಯಾರಾದ ಉಡುಪಿನ ಗುರುತಾದ ಆ ಮುದ್ರೆಯನ್ನು ಬ್ರಿಟನ್ ತಂದದ್ದು 1941ರಲ್ಲಿ, ಬಟ್ಟೆಗೆ ರೇಷನ್ ಬಂದ ವರ್ಷ. 1952ರವರೆಗೂ ಅದು ಬಳಕೆಯಲ್ಲಿತ್ತು.